ಖಾತ್ರಿ ಕೆಲಸಕ್ಕೆ ಈಗ ಮುಖ ತೋರಿಸಬೇಕು: ಹಾಜರಿ ತಪ್ಪಿದ್ರೆ ಅಂಗಡಿ ಉದ್ರಿಗೂ ಪೆಟ್ಟು

ಹಾವೇರಿ: ಬದು ಹಾಕೋದು, ಕೆರೆ ಹೂಳು ಎತ್ತೋದು ಮೊದಲಿನಂಗೇ ಇದೆ. ಬದಲಾಗಿರೋದು ಹಾಜರಿ. ಉದ್ಯೋಗ ಖಾತ್ರಿ ಕೂಲಿಕಾರರ ಹಾಜರಿ ಹಿಡಿಯುವ ಎನ್‌ಎಂಎಂಎಸ್ ಆ್ಯಪ್‌ಗೆ ಮುಖ ಗುರುತಿಸುವ ವ್ಯವಸ್ಥೆ ಸೇರಿದೆ. ಗುಂಪು ನಿಲ್ಲಿಸಿ ಫೋಟೊ ಹೊಡೆದರೆ ಮುಗೀತು ಅನ್ನೋ ಕಾಲ ಹೋಗ್ತಾ ಇದೆ. ಆಧಾರ್‌ನಲ್ಲಿರುವ ಮುಖಕ್ಕೂ ಬಿಸಿಲಲ್ಲಿ ನಿಂತ ಮುಖಕ್ಕೂ ತಾಳೆ ಆಗಬೇಕು.

ಈ ಆ್ಯಪ್ ಬಂದದ್ದು 2021ರ ಮೇ ತಿಂಗಳಲ್ಲಿ. 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿ ಬಿಟ್ಟು ಎಲ್ಲ ಕಡೆ ಕಡ್ಡಾಯವಾಯಿತು. ದಿನಕ್ಕೆ ಎರಡು ಫೋಟೊ, ಎರಡರ ನಡುವೆ ಕೆಲ ತಾಸುಗಳ ಅಂತರ. ಫೋಟೊ ತೆಗೆಯೋರು ಕಾಯಕ ಬಂಧುಗಳು.

ಬಿಗಿ ಮಾಡಿದ್ದಕ್ಕೆ ಕಾರಣ ಇಲ್ಲದೇ ಇಲ್ಲ. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಸುತ್ತೋಲೆ ಬರೆದು ಕಳ್ಳಾಟಗಳನ್ನು ಹೇಳಿತ್ತು. ಫೋಟೊದ ಫೋಟೊ ಹೊಡೆಯೋದು, ಸಂಬಂಧವೇ ಇಲ್ಲದ ಚಿತ್ರ ಏರಿಸೋದು, ಅದೇ ಜನರನ್ನು ಎರಡು-ಮೂರು ಎನ್‌ಎಂಆರ್‌ನಲ್ಲಿ ತೋರಿಸೋದು. ಫೋಟೊದಲ್ಲಿ ಗಂಡಸರು, ಪಟ್ಟಿಯಲ್ಲಿ ಹೆಂಗಸರು! ಮುಖ ತಾಳೆಯಾದರೆ ಇದರಲ್ಲಿ ಬಹಳಷ್ಟು ನಿಲ್ಲುತ್ತದೆ, ಅದನ್ನು ಒಪ್ಪಬೇಕು.

ಆದರೆ ಕಳ್ಳ ಹಾಜರಿ ಹಾಕಿದವರು ಬೇರೆ, ತ್ರಾಸು ಪಡೋರು ಬೇರೆ. ಮೊಬೈಲ್ ಹಳೇದು, ಕೆರೆ ದಂಡೆಯಲ್ಲಿ ನೆಟ್‌ವರ್ಕ್ ಇಲ್ಲ, ಆಧಾರ್ ಫೋಟೊ ಹತ್ತು ವರ್ಷದ ಹಿಂದಿನದು. ಇದ್ಯಾವುದೂ ಕೂಲಿಕಾರರ ತಪ್ಪಲ್ಲ. ಹಾಜರಿ ಏರದಿದ್ದರೆ ಮಾತ್ರ ಹೋಗೋದು ಅವರ ಕೂಲಿ. 2025-26ಕ್ಕೆ ಕರ್ನಾಟಕದ ದರ ದಿನಕ್ಕೆ 370 ರೂಪಾಯಿ. ನೂರು ದಿನ ಪೂರ್ತಿ ಸಿಕ್ಕರೆ ಒಂದು ಮನೆಗೆ 37,000. ಹತ್ತು ದಿನದ ಹಾಜರಿ ಹೋದರೆ 3,700 ಹೋಯಿತು. ಆ ದುಡ್ಡು ತಿರುಗೋದು ಹಳ್ಳಿ ಕಿರಾಣಿ ಅಂಗಡಿಯಲ್ಲಿ, ಸಂತೆಯಲ್ಲಿ, ರಾಣೆಬೆನ್ನೂರಿನ ಬಟ್ಟೆ-ಬೀಜದ ಅಂಗಡಿಗಳಲ್ಲಿ. ಕೂಲಿ ತಡ ಆದ್ರೆ ಉದ್ರಿ ಲೆಕ್ಕ ಬೆಳೀತದೆ.

ತಿದ್ದುಪಡಿಗೆ ದಾರಿ ಇದೆ, ಆದರೆ ದೂರ. ವಿಶೇಷ ಸಂದರ್ಭದಲ್ಲಿ ಹಾಜರಿ ಏರಿಸುವ ಅಧಿಕಾರ ಕೊಟ್ಟಿರೋದು ಜಿಲ್ಲಾ ಕಾರ್ಯಕ್ರಮ ಸಂಯೋಜಕರಿಗೆ, ಅಂದರೆ ಜಿಲ್ಲಾ ಪಂಚಾಯಿತಿ ಸಿಇಒಗೆ. ಬ್ಯಾಡಗಿ ತಾಲ್ಲೂಕಿನ ಹೆಣ್ಣುಮಗಳು ಒಂದು ದಿನದ 370 ರೂಪಾಯಿಗಾಗಿ ಕೆಲಸ ಬಿಟ್ಟು ಹಾವೇರಿಗೆ ಅಲೆದರೆ ಇನ್ನೊಂದು ದಿನದ ಕೂಲಿಯೂ ಹೋಯಿತು, ಬಸ್ಸಿನ ಹೊತ್ತು ಬೇರೆ. ಈ ಅಧಿಕಾರ ತಾಲ್ಲೂಕು ಪಂಚಾಯಿತಿಗೆ ಇಳಿಯದೆ ಹೊಸ ಸೌಲಭ್ಯದಿಂದ ಹಳ್ಳಿಗೆ ಅನುಕೂಲ ಕಡಿಮೆ.

ಇದರ ನಡುವೆ ಕಾಯ್ದೆಯೇ ಬದಲಾಗಿದೆ. 2025ರ ಡಿಸೆಂಬರ್ 21ರಂದು ರಾಷ್ಟ್ರಪತಿ ಅಂಕಿತ ಬಿದ್ದ ವಿಬಿ-ಜಿ ರಾಮ್ ಜಿ ಕಾಯ್ದೆಯಲ್ಲಿ 125 ದಿನದ ಕೆಲಸ, ಕೇಂದ್ರ-ರಾಜ್ಯಕ್ಕೆ 60:40 ಪಾಲು. ಬಯೋಮೆಟ್ರಿಕ್ ಹಾಜರಿ ಅದರಲ್ಲೂ ಇದೆ. ಬಿತ್ತನೆ-ಕೊಯ್ಲಿನ ಹೊತ್ತಿಗೆ ವರ್ಷಕ್ಕೆ 60 ದಿನ ಕೆಲಸ ನಿಲ್ಲಿಸಬಹುದು. ಯಾವ ದಿನ ಅಂತ ರಾಜ್ಯ ಹೇಳಬೇಕು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಆವಕ ಜೋರಾದಾಗ ತೊಟ್ಟು ಬಿಡಿಸೋ ಕೈ ಬೇಕು, ಹಾಗಾಗಿ ಆ ಪಟ್ಟಿ ವ್ಯಾಪಾರಸ್ಥರಿಗೂ ಮುಖ್ಯ.

ಸದ್ಯಕ್ಕೆ ಕೂಲಿಕಾರರು ಮಾಡಬಹುದಾದ್ದು ಇಷ್ಟು: ಕೆಲಸಕ್ಕೆ ಹೋಗೋ ಮುಂಚೆ ಇ-ಕೆವೈಸಿ ಆಗಿದೆಯೋ ಇಲ್ಲವೋ ಪಂಚಾಯಿತಿಯಲ್ಲಿ ಕೇಳಿಕೊಳ್ಳೋದು, ಹಾಜರಿ ಏರಿತೇ ಅಂತ ಅದೇ ದಿನ ಕಾಯಕ ಬಂಧುವಿನ ಮೊಬೈಲ್‌ನಲ್ಲಿ ನೋಡೋದು. ಎನ್‌ಎಂಆರ್ ಮತ್ತು ಹಾಜರಿ ಫೋಟೊ ನರೇಗಾ ವೆಬ್‌ಸೈಟಿನಲ್ಲಿ ಪಂಚಾಯಿತಿವಾರು ಸಿಗುತ್ತವೆ. ಫೋನ್ ಇರೋ ಅಂಗಡಿಯವರು ಗಿರಾಕಿಗಳಿಗೆ ಅದನ್ನು ತೆಗೆದು ತೋರಿಸಬಹುದು.