ಹಾರಿಹೋದ ಗಿಳಿಯನ್ನು ಹುಡುಕಬೇಕೇ?

ಕಳೆದ ತಿಂಗಳು ನೆರೆಮನೆಯ ತಾಯಿಯೊಬ್ಬರು ಬಿಳಿಯ ಹಾಳೆಯೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. "ಮೇಷ್ಟ್ರೇ, ನಮ್ಮ ಗಿಣಿ ಹಾರಿಹೋಯಿತು. ನಿಮ್ಮ ಅಕ್ಷರ ಚೆನ್ನಾಗಿದೆ, ಒಂದು ಪ್ರಕಟಣೆ ಬರೆದುಕೊಡಿ. ಜೆರಾಕ್ಸ್ ಮಾಡಿಸಿ ಕಂಬಗಳಿಗೆ ಅಂಟಿಸುತ್ತೇವೆ" ಎಂದರು. ಅತ್ತು ಅತ್ತು ಅವರ ಕಣ್ಣು ಕೆಂಪಾಗಿದ್ದವು.

ನಾನು ಬರೆಯತೊಡಗಿದೆ: ಹಸಿರು ಮೈ, ಕೆಂಪು ಕೊಕ್ಕು, ಕತ್ತಿನ ಸುತ್ತ ಗುಲಾಬಿ ಪಟ್ಟಿ. ಅಲ್ಲಿಗೆ ಲೇಖನಿ ನಿಂತಿತು. ಈ ಲಕ್ಷಣದ ನೂರಾರು ಹಕ್ಕಿಗಳು ದಿನವೂ ಸಂಜೆ ನಮ್ಮ ಬಡಾವಣೆಯ ಮಳೆಮರಗಳಿಗೆ ಬಂದಿಳಿಯುತ್ತವೆ. ಅವುಗಳಲ್ಲಿ ಇವರದು ಯಾವುದು? ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ನಮ್ಮ ದೇಶದ ಕಾಡುಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ನಾನು ಬರೆಯುತ್ತಿದ್ದುದು ಪ್ರಕಟಣೆಯಲ್ಲ, ತಪ್ಪೊಪ್ಪಿಗೆ.

ಹಾಗಾದರೆ ಕಳೆದುಹೋದ ಗಿಳಿಯನ್ನು ಹುಡುಕಲೇಬಾರದೇ? ಇಲ್ಲಿ ಭೇದ ಮಾಡಬೇಕಾಗುತ್ತದೆ. 2022ರ ಜುಲೈನಲ್ಲಿ ತುಮಕೂರಿನ ಕುಟುಂಬವೊಂದು ತಮ್ಮ ಆಫ್ರಿಕದ ಬೂದುಗಿಳಿಗಾಗಿ ಊರೆಲ್ಲ ಭಿತ್ತಿಪತ್ರ ಹಚ್ಚಿ, 50 ಸಾವಿರ ರೂಪಾಯಿ ಬಹುಮಾನ ಸಾರಿ, ಹಕ್ಕಿ ಸಿಕ್ಕಾಗ 85 ಸಾವಿರ ಕೊಟ್ಟಿತು. ಕೆಲವರು ನಕ್ಕರು, ನಾನು ನಗಲಾರೆ. ಪರದೇಶದ ಆ ಹಕ್ಕಿಗೆ ಇಲ್ಲಿ ಬಳಗವಿಲ್ಲ, ಆಹಾರದ ಪರಿಚಯವಿಲ್ಲ. ಅದನ್ನು ತಂದವರು ಹುಡುಕಲೇಬೇಕು. ಬೆಳಗಿನ ಮತ್ತು ಸಂಜೆಯ ಹೊತ್ತು ಹಕ್ಕಿ ಕೂಗುವಾಗ ಕಿವಿಗೊಟ್ಟು, ಪಂಜರವನ್ನು ತಿನಿಸಿನೊಡನೆ ತಾರಸಿಯ ಮೇಲಿಟ್ಟು, ಪರಿಚಿತ ದನಿಯಲ್ಲಿ ಕರೆಯಬೇಕು.

ನಮ್ಮ ನಾಡಿನ ಗಿಳಿಯ ಮಾತು ಬೇರೆ. ಅದು ಕಳೆದುಹೋಗಿಲ್ಲ, ತನ್ನ ಮನೆಗೆ ಹೋಗಿದೆ. ಆದರೂ ಆ ತಾಯಿ ಕೇಳಿದ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ: "ಮರಿಯಿಂದ ಕೈತುತ್ತು ತಿಂದದ್ದು ಮೇಷ್ಟ್ರೇ, ಹೊರಗೆ ಬದುಕೀತೇ?" ಎಲ್ಲವೂ ಬದುಕುವುದಿಲ್ಲ. ಆದ್ದರಿಂದ ಹುಡುಕಿರಿ ಎನ್ನುತ್ತೇನೆ, ಆದರೆ ಪಂಜರಕ್ಕೆ ಮರಳಿಸಲೆಂದಲ್ಲ. ಹಿಂಡಿನೊಡನೆ ಹಾರಿ, ಕಾಯಿ ಕಚ್ಚಿ ತಿನ್ನುತ್ತಿದ್ದರೆ ಕಣ್ತುಂಬ ನೋಡಿ ಹಿಂದಿರುಗಿರಿ. ಸೋತು ನೆಲಕ್ಕಿಳಿದಿದ್ದರೆ, ಕಾಗೆಗಳು ಕುಕ್ಕುತ್ತಿದ್ದರೆ, ಬಟ್ಟೆ ಹೊದಿಸಿ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಗೋ ಬೆಂಗಳೂರಿನ ಕೆಂಗೇರಿಯಲ್ಲಿರುವಂಥ ವನ್ಯಜೀವಿ ಆಸ್ಪತ್ರೆಗೋ ತಲುಪಿಸಿರಿ. ದಂಡದ ಅಂಜಿಕೆಯಿಂದ ಹಕ್ಕಿಯನ್ನು ಸಾಯಗೊಡುವುದು ಎರಡನೆಯ ತಪ್ಪು.

ಉಪದೇಶ ಮಾಡುವ ಅಧಿಕಾರ ನನಗೆಷ್ಟಿದೆ? 1988ರಲ್ಲಿ, ಹಳ್ಳಿಯ ಶಾಲೆಯಲ್ಲಿದ್ದಾಗ, ತೆಂಗಿನ ಮರದ ಪೊಟರೆಯಿಂದ ತೆಗೆದ ಮರಿಯೊಂದನ್ನು ಹುಡುಗನೊಬ್ಬ ಪ್ರೀತಿಯಿಂದ ತಂದುಕೊಟ್ಟ. ಗದರಿಸಿ ಮರಳಿ ಕಳುಹಿಸುವ ಬದಲು ಅವನ ಬೆನ್ನು ತಟ್ಟಿದೆ. "ನಮಸ್ತೆ ಮೇಷ್ಟ್ರೇ" ಎನ್ನಲು ಕಲಿಸಿದೆ. ಹಾರಿಹೋಗದಿರಲೆಂದು ರೆಕ್ಕೆಯ ಗರಿಗಳನ್ನು ನನ್ನ ಕೈಯಾರೆ ಕತ್ತರಿಸಿದೆ. ಒಂದು ದಿನ ಪಂಜರದ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಅಂಗಳಕ್ಕಿಳಿದ ಗಿಳಿಗೆ ಬೆಕ್ಕು ಬಂದಾಗ ಹಾರಲಾಗಲಿಲ್ಲ. ಕಾಯ್ದೆ ಆಗಲೇ ಜಾರಿಯಲ್ಲಿತ್ತು. ಪಾಠ ಹೇಳುವ ನನಗೆ ಅದರ ಅರಿವಿರಲಿಲ್ಲ. ಆದರೆ ಗಿಳಿಗೆ ರೆಕ್ಕೆ ಏಕಿದೆ ಎಂದು ತಿಳಿಯಲು ಕಾಯ್ದೆ ಓದಬೇಕಾಗಿರಲಿಲ್ಲ.

ಇದನ್ನೆಲ್ಲ ಹೇಳಿದ ಮೇಲೆ ನೆರೆಮನೆಯವರು ಹಾಳೆಯನ್ನು ಮಡಚಿಕೊಂಡರು. ಮೂರು ಸಂಜೆ ನಾವಿಬ್ಬರೂ ಮರಗಳ ಕೆಳಗೆ ನಿಂತೆವು. ಅವರು ಹೆಸರು ಹಿಡಿದು ಕರೆದರು. ಯಾವುದೂ ಇಳಿದು ಬರಲಿಲ್ಲ. ನಾಲ್ಕನೆಯ ದಿನ, "ಎಲ್ಲವೂ ನಮ್ಮದರ ಹಾಗೆಯೇ ಕಾಣುತ್ತವೆ, ಬಿಡಿ ಮೇಷ್ಟ್ರೇ" ಎಂದರು.

ಪಂಜರ ಇನ್ನೂ ಅವರ ಜಗಲಿಯಲ್ಲಿ ತೂಗುತ್ತಿದೆ. ಇನ್ನೊಂದು ಗಿಳಿ ತಂದುಕೊಡುತ್ತೇನೆಂದು ಅವರ ಬಂಧುವೊಬ್ಬರು ಹೇಳಿದ್ದಾರಂತೆ. ಈ ಬರಹ ಮುಖ್ಯವಾಗಿ ಆ ಬಂಧುವಿಗಾಗಿ. ದಯವಿಟ್ಟು ತರಬೇಡಿ.