ಮಾಲಕರನ್ನ ಕೇಳದ ಒಳಲಾವಣಿ ಬ್ಯಾಡ



ಹೆಸರು ಕಾಯಿ ಕಟ್ಟುವಾಗ ಬದುವಿನ ಮ್ಯಾಲೆ ಒಬ್ಬರು ಬಂದು ನಿಂತು "ನೀವ್ಯಾರ್ರೀ?" ಅಂತ ಕೇಳಿದರು. ಅವರೇ ಹೊಲದ ಮಾಲಕರು! ಅವರು ಲಾವಣಿಗೆ ಕೊಟ್ಟಿದ್ದು ಬ್ಯಾರೆಯವರಿಗೆ. ಆ ಮನುಷ್ಯ ಎಕರೆಗೆ 2 ಸಾವಿರ ಹೆಚ್ಚಿಗೆ ಹಿಡಿದು ನನಗ ದಾಟಿಸಿದ್ದ. ಮಾಲಕರಿಗೆ ಗೊತ್ತಿಲ್ಲ, ನಾನೂ ವಿಚಾರಿಸಲಿಲ್ಲ. ತಪ್ಪು ನನ್ನದೂ ಐತಿ. ಬೀಜ, ಗೊಬ್ಬರ, ಎಡಿ ಹೊಡೆಸಿದ ಕೂಲಿ ಎಲ್ಲಾ ನನ್ನದು, ತೋರಿಸಾಕ ಒಂದು ಚೀಟಿ ಇಲ್ಲ. ಹಿರಿಯರು ಕೂಡಿ ಪೀಕು ಅರ್ಧ ಅರ್ಧ ಅಂತ ಬಗಿಹರಿಸಿದರು. ನಡುವಿನವ ಮಾತ್ರ ರೊಕ್ಕ ತಿರುಗಿ ಕೊಡಲಿಲ್ಲ.

ಕೋರ್ಟಿಗೆ ಹೋಗು ಅಂತೀರಿ. ಏನಂತ ಹೋಗಲಿ? ನಮ್ಮ ರಾಜ್ಯದ 1961ರ ಭೂ ಸುಧಾರಣಾ ಕಾಯ್ದೆಗೆ 1974ರಲ್ಲಿ ತಿದ್ದುಪಡಿ ಆದ ಮ್ಯಾಲೆ, ಸೈನಿಕರಂಥ ಕೆಲವರಿಗೆ ವಿನಾಯಿತಿ ಬಿಟ್ಟರ, ಸಾಗುವಳಿ ಜಮೀನು ಗೇಣಿಗೆ ಕೊಡೋದೇ ನಿಷೇಧ. ಮೊದಲಿನ ಲಾವಣಿಗೇ ಕಾಯ್ದೆ ಒಳಗ ಜಾಗ ಇಲ್ಲ, ಒಳಲಾವಣಿಗೆ ಎಲ್ಲಿಂದ ಬರಬೇಕು? ಬಾಡಿಗಿ ಮನಿಯನ್ನ ಮಾಲಕರ ಲಿಖಿತ ಒಪ್ಪಿಗೆ ಇಲ್ಲದ ಮತ್ತೊಬ್ಬರಿಗೆ ಕೊಟ್ಟರ, 1999ರ ಬಾಡಿಗೆ ಕಾಯ್ದೆ ಅನ್ವಯ ಆಗೋ ಕಡೆ ಕೋರ್ಟಿನಿಂದ ಖಾಲಿ ಮಾಡಿಸಬಹುದು. ಮನಿಗೆ ದಾರಿ ಐತಿ, ಹೊಲಕ್ಕಿಲ್ಲ.

ಮಾಲಕರು ಕಾಗದ ಕೊಡಾಕ ಅಂಜತಾರ. ದೇವರಾಜ ಅರಸರ ಕಾಲಕ್ಕ ನಮೂನೆ 7ರ ಅರ್ಜಿ ಹಾಕಿದ ಗೇಣಿದಾರರಿಗೆ ಹೊಲ ಆದದ್ದು ಅವರಿಗೆ ನೆನಪೈತಿ. ಅವತ್ತು ಉಳುವವರಿಗೆ ಹೊಲ ಸಿಕ್ಕಿದ್ದು ನ್ಯಾಯವೇ. ಆದರೆ ಇವತ್ತು ನಮ್ಮ ಕಡೆ ಲಾವಣಿ ಕೊಡೋರು ವಯಸ್ಸಾದವರು, ಮಕ್ಕಳು ನೌಕರಿಗೆ ಹೋದವರು, ಎರಡು ಮೂರು ಎಕರೆಯವರು. ಅವರ ಅಂಜಿಕಿ, ನಮ್ಮ ಗರಜು, ಎರಡರ ನಡುವೆ ದಲ್ಲಾಳಿ ದುಡಕೋತಾನ.

"ನಂಬಿಕಿ ಮ್ಯಾಲೆ ನಡದೈತಿ ಬಿಡ್ರಿ" ಅನ್ನೋರಿಗೆ ನನ್ನ ಉತ್ತರ: ನಂಬಿಕಿ ಇಬ್ಬರ ನಡುವಿಂದು. ಮಾಲಕರಿಗೆ ಹೇಳದ ಮೂರನೆಯವರನ್ನ ಹೊಲಕ್ಕ ಇಳಿಸಿದ ದಿನಾನೇ ಅದು ಮುರಿತು.

2016ರಲ್ಲೇ ನೀತಿ ಆಯೋಗ ಗೇಣಿ ಬಗ್ಗೆ ಮಾದರಿ ಕಾಯ್ದೆ ಮಾಡಿ ರಾಜ್ಯಗಳ ಮುಂದಿಟ್ಟೈತಿ. ಮಾಲಕರ ಹಕ್ಕು ಗಟ್ಟಿ ಇರಲಿ, ಬಿತ್ತಿದವರಿಗೆ ಸಾಲ, ವಿಮೆ ಸಿಗಲಿ, ಕೇಳದ ಒಳಲಾವಣಿ ಬಂದ್ ಆಗಲಿ. ಇಷ್ಟು ಬರೆಯಾಕ ನಮ್ಮ ಸರಕಾರಕ್ಕ ಏನು ಅಡ್ಡಿ?

ಅದು ಆಗೋತನಕ ರೊಕ್ಕ ಎಣಿಸೋ ಮೊದಲು ಪಹಣಿ ನೋಡ್ರಿ, ಪಹಣಿಯೊಳಗಿನ ಮಾಲಕರ ಜೋಡಿ ಖುದ್ದು ಮಾತಾಡ್ರಿ. ಹಿಂಗಾರಿ ಕಡಲಿಗೆ ಹೊಲ ಹುಡುಕೋರು ಇದನ್ನ ಮರೀಬ್ಯಾಡ್ರಿ. ನನಗಾದದ್ದು ನಿಮಗ ಆಗೋದು ಬ್ಯಾಡ.