ದಾಖಲಾತಿ ಪುಸ್ತಕದಲ್ಲಿ ಇಲ್ಲದ ಮಕ್ಕಳು

ನಮ್ಮ ಸಮಾಜದ ಸಮಾರಂಭಗಳಲ್ಲಿ ಬ್ರಾಹ್ಮಿ-ಸುಂದರಿಯರ ಪ್ರಸ್ತಾಪ ತಪ್ಪುವುದಿಲ್ಲ. ಆದಿತೀರ್ಥಂಕರರು ತಮ್ಮ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಲಿಪಿಯನ್ನೂ ಇನ್ನೊಬ್ಬಳಿಗೆ ಅಂಕವನ್ನೂ ಬೋಧಿಸಿದರೆಂಬ ಪುರಾಣಪ್ರಸಂಗವನ್ನು ಕೇಳಿ ನಾವು ಪ್ರತಿ ಸಲವೂ ಹರ್ಷಿಸುತ್ತೇವೆ. 2001ರ ಜನಗಣತಿಯಲ್ಲಿ ಜೈನ ಮಹಿಳೆಯರ ಸಾಕ್ಷರತೆ ಶೇ. 90.6 ಎಂದು ಪ್ರಕಟವಾದಾಗ, ದೇಶದ ಎಲ್ಲ ಮತೀಯರಿಗಿಂತ ನಾವೇ ಮುಂದೆಂದು ಬೀಗಿದ್ದೂ ಉಂಟು. ಆದರೆ ಅದೇ ಜನಗಣತಿ ಇನ್ನೊಂದು ಸಂಖ್ಯೆಯನ್ನೂ ಕೊಟ್ಟಿತ್ತು. ಆರು ವರ್ಷದೊಳಗಿನ ಜೈನ ಮಕ್ಕಳಲ್ಲಿ 1000 ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 870. 2011ರಲ್ಲಿ ಅದು 889ಕ್ಕೆ ಏರಿತು. ಆಗ ಅಖಿಲ ಭಾರತದ ಪ್ರಮಾಣ 918, ಕರ್ನಾಟಕದ್ದು 948. ಪ್ರಮುಖ ಮತೀಯರಲ್ಲಿ ಸಿಖ್ಖರನ್ನು ಬಿಟ್ಟರೆ ನಾವೇ ಕೊನೆಯವರು. ಈ ಸಂಖ್ಯೆಯನ್ನು ನಾನು ಓದಿದ ಯಾವ ಸ್ಮರಣ ಸಂಚಿಕೆಯಲ್ಲಿಯೂ ಕಾಣಲಿಲ್ಲ.

ಲಿಪಿಯನ್ನು ಕಲಿಸಿದೆವೆಂದು ಹೇಳಿಕೊಳ್ಳುವ ನಾವು, ಕಲಿಯಬೇಕಾದವಳನ್ನು ಹುಟ್ಟಗೊಟ್ಟೆವೆಯೆ?

ಜನಸಂಖ್ಯೆ ಮುಪ್ಪಾಗುತ್ತಿರುವ ದೇಶಗಳ ಶಿಶುವಿಹಾರಗಳಲ್ಲಿ ಹೆಣ್ಣು-ಗಂಡುಗಳ ಸಮತೆ ಸಿದ್ಧಿಸಿದೆಯೆಂದು ವಿದ್ವಾಂಸರು ಬರೆಯುತ್ತಾರೆ. ಬರೆದುದು ಸುಳ್ಳಲ್ಲ, ಆದರೆ ಆ ಸಮತೆಯನ್ನು ಅಳೆಯುವ ರೀತಿಯನ್ನು ಗಮನಿಸಬೇಕು. 1000 ಗಂಡುಮಕ್ಕಳಲ್ಲಿ ನೂರಕ್ಕೆ ತೊಂಬತ್ತು ಮಂದಿ ಶಿಶುವಿಹಾರಕ್ಕೆ ಸೇರಿದರೆಂದೂ, 889 ಹೆಣ್ಣುಮಕ್ಕಳಲ್ಲಿಯೂ ನೂರಕ್ಕೆ ತೊಂಬತ್ತೇ ಮಂದಿ ಸೇರಿದರೆಂದೂ ಇಟ್ಟುಕೊಳ್ಳೋಣ. ಲೆಕ್ಕಿಗನು ಪೂರ್ಣ ಸಮತೆಯೆಂದು ಬರೆದುಕೊಳ್ಳುತ್ತಾನೆ. ಹುಟ್ಟದೆ ಹೋದವಳು ಅವನ ಪುಸ್ತಕದ ಯಾವ ಕಾಲಮಿನಲ್ಲಿಯೂ ಬರುವುದಿಲ್ಲ.

ದಕ್ಷಿಣ ಕೊರಿಯಾ ಇದಕ್ಕೆ ಉತ್ತಮ ನಿದರ್ಶನ. ಭ್ರೂಣದ ಲಿಂಗವನ್ನು ತಿಳಿಸಬಾರದೆಂದು ಅಲ್ಲಿ 1987ರಲ್ಲಿಯೇ ಕಾನೂನು ಬಂದಿತ್ತು. ಆದರೂ 1990ರಲ್ಲಿ 100 ಹೆಣ್ಣುಶಿಶುಗಳಿಗೆ 116ಕ್ಕಿಂತ ಹೆಚ್ಚು ಗಂಡುಶಿಶುಗಳು ಜನಿಸಿದವು. ಆ ಪೀಳಿಗೆಯ ಗಂಡಸರು ಈಗ ಮದುವೆಯ ವಯಸ್ಸಿನಲ್ಲಿದ್ದು, ಅವರ ಸರಿಸಮಕ್ಕೆ ಹೆಣ್ಣುಗಳಿಲ್ಲ. 2023ರಲ್ಲಿ ಅಲ್ಲಿನ ಸ್ತ್ರೀಯೊಬ್ಬಳಿಗೆ ಮಕ್ಕಳ ಸರಾಸರಿ 0.72ಕ್ಕೆ ಇಳಿಯಿತು. ಜನನದ ಪ್ರಮಾಣವಂತೂ 2007ರ ಹೊತ್ತಿಗೆ ಸಹಜ ಸ್ಥಿತಿಗೆ ಮರಳಿತು. ಕಾನೂನೊಂದೇ ಅದಕ್ಕೆ ಕಾರಣವಲ್ಲ. ಗಂಡಸೇ ಮನೆಯ ಯಜಮಾನನೆಂಬ ಅಲ್ಲಿನ ಕುಟುಂಬ ಪದ್ಧತಿಯನ್ನು ನ್ಯಾಯಾಲಯ 2005ರಲ್ಲಿ ಅಸಿಂಧುಗೊಳಿಸುವಷ್ಟರ ಮಟ್ಟಿಗೆ ಜನರ ಮನಸ್ಸೇ ಬದಲಾಗಿತ್ತು. ನಮ್ಮಲ್ಲಿಯೂ 1994ರಲ್ಲಿ ಕಾನೂನಾಗಿದೆ. ಮನಸ್ಸಿನ ಮಾತು ಬೇರೆ.

‘ನಮ್ಮವರಿಗೆ ಒಂದೋ ಎರಡೋ ಮಕ್ಕಳು, ಗಂಡಾದರೆ ಅಲ್ಲಿಗೆ ನಿಲ್ಲಿಸುತ್ತಾರೆ, ಅದರಿಂದ ಹೆಣ್ಣು ಕಡಿಮೆ’ ಎಂದು ಕೆಲವು ಹಿರಿಯರು ಸಮಾಧಾನ ಹೇಳುವುದುಂಟು. ಮಕ್ಕಳು ಕಡಿಮೆಯೆಂಬುದು ನಿಜ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಜೈನ ಸ್ತ್ರೀಯರ ಸರಾಸರಿ 1.2, 2019-21ರಲ್ಲಿ 1.6, ಜನಸಂಖ್ಯೆ ಕುಗ್ಗದಿರಲು 2.1 ಬೇಕು. ನಾವು ಮುದುಕರ ಸಮಾಜವಾಗುತ್ತಿದ್ದೇವೆ. ಆದರೆ ಉಳಿದ ವಾದ ನಿಲ್ಲದು. ಗಂಡಾದ ಮೇಲೆ ಎಷ್ಟು ಮನೆಯವರು ನಿಲ್ಲಿಸಿದರೂ, ಮುಂದಿನ ಪ್ರತಿ ಹೆರಿಗೆಯಲ್ಲಿಯೂ ಪ್ರಕೃತಿಯ ತಕ್ಕಡಿ ಅದೇ ತಕ್ಕಡಿ. ಸಾವಿರಕ್ಕೆ ಸುಮಾರು 950 ಹೆಣ್ಣುಶಿಶುಗಳು ಹುಟ್ಟಿಯೇ ಹುಟ್ಟುತ್ತವೆ. 950 ಇರಬೇಕಾದಲ್ಲಿ 889 ಇದ್ದರೆ ತಕ್ಕಡಿಯನ್ನು ಯಾರೋ ಮುಟ್ಟಿದ್ದಾರೆ. ಮುಟ್ಟಿದವರು ಅಜ್ಞಾನಿಗಳೂ ಅಲ್ಲ, ಬಡವರೂ ಅಲ್ಲ. ಸ್ಕ್ಯಾನಿಂಗಿಗೆ ಹಣ ಬೇಕು, ವೈದ್ಯರ ಪರಿಚಯ ಬೇಕು. ನಮ್ಮಲ್ಲಿ ಎರಡೂ ಉಂಟು.

‘ಇದು ಉತ್ತರದವರ ರೋಗ, ಕನ್ನಡನಾಡಿನ ಜೈನರದ್ದಲ್ಲ’ ಎಂಬುದು ಎರಡನೆಯ ಸಮಾಧಾನ. ಹಾಗೇ ಇದ್ದರೆ ಸಂತೋಷ. ಎಣಿಸಿ ತೋರಿಸಲಿ.

ಹುಟ್ಟಿ ಬಂದವಳಿಗಾದರೂ ಸಮಪಾಲು ಸಿಕ್ಕುತ್ತಿದೆಯೆ? ಹಿರಿಯೂರು ತಾಲ್ಲೂಕಿನ ಧರ್ಮಪುರದಂಥ ಹೋಬಳಿ ಊರಿನಲ್ಲಿ ಒಂದು ಬೆಳಿಗ್ಗೆ ರಸ್ತೆಯ ಪಕ್ಕದಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಅಣ್ಣನಿಗೆ ಟೈ ಕಟ್ಟಿ ಕಾನ್ವೆಂಟಿನ ವ್ಯಾನಿಗೆ ಹತ್ತಿಸುತ್ತಾರೆ; ತಂಗಿ ಅಜ್ಜಿಯ ಕೈ ಹಿಡಿದು ಅಂಗನವಾಡಿಗೆ ನಡೆಯುತ್ತಾಳೆ. ಎಲ್ಲ ಮನೆಗಳಲ್ಲಿಯೂ ಹೀಗೆಂದು ಹೇಳಲಾರೆ, ಯಾವುದೋ ಒಂದು ಜಾತಿಯ ಮಾತೂ ಇದಲ್ಲ. 2019ರಲ್ಲಿ ದೇಶದ 26 ಜಿಲ್ಲೆಗಳ ಹಳ್ಳಿಗಳಲ್ಲಿ ನಡೆದ ‘ಅಸರ್’ ಸಮೀಕ್ಷೆಯೂ ಇದನ್ನೇ ಕಂಡಿತು: ನಾಲ್ಕೈದು ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 56.8 ಮಂದಿ ಸರ್ಕಾರಿ ಅಂಗನವಾಡಿ, ಶಾಲೆಗಳಲ್ಲಿದ್ದರೆ ಗಂಡುಮಕ್ಕಳಲ್ಲಿ ಶೇ. 50.4. ಇಬ್ಬರೂ ದಾಖಲಾದವರೇ, ಪುಸ್ತಕದಲ್ಲಿ ಇಬ್ಬರೂ ಸಮರೇ. ಅಂಗನವಾಡಿಯನ್ನು ನಾನು ಹಳಿಯುತ್ತಿಲ್ಲ. 1975ರ ಅಕ್ಟೋಬರ್ 2ರಂದು ಆರಂಭವಾದ ಆ ಯೋಜನೆ ಹೆಣ್ಣೆಂದು, ಗಂಡೆಂದು ನೋಡದೆ ಮಗುವನ್ನು ಒಳಗೆ ಕರೆದುಕೊಂಡಿತು. ಭೇದವಿರುವುದು ತಂದೆಯ ಕೈಚೀಲದಲ್ಲಿ.

2021ರಲ್ಲಿ ಶಾಲಾಮಕ್ಕಳಿಗೆ ಮೊಟ್ಟೆ ಕೊಡುವ ಸರ್ಕಾರದ ಯೋಜನೆಗೆ ನಮ್ಮ ಸಮಾಜದಿಂದಲೂ ವಿರೋಧದ ಧ್ವನಿ ಎದ್ದಿತು. ಆ ಧ್ವನಿ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಮೊಟ್ಟೆಯಲ್ಲಿ ಜೀವವನ್ನು ಕಂಡು ಕನಿಕರಪಟ್ಟ ಕಣ್ಣಿಗೆ ಸ್ವಂತ ಸೊಸೆಯ ಗರ್ಭದಲ್ಲಿ ಪಂಚೇಂದ್ರಿಯ ಜೀವ ಕಾಣಲಿಲ್ಲವೆಂದರೆ ಏನೆನ್ನಬೇಕು? ಪಂಚಕಲ್ಯಾಣದಲ್ಲಿ ಮೊದಲನೆಯದೇ ಗರ್ಭಕಲ್ಯಾಣ. ಜಿನಮಾತೆಯ ಹದಿನಾರು ಸ್ವಪ್ನಗಳ ಬೆಳ್ಳಿಯ ಪ್ರತಿಕೃತಿಗಳಿಗೆ ಸವಾಲು ಕೂಗುತ್ತೇವೆ, ಪುಷ್ಪವೃಷ್ಟಿ ಮಾಡುತ್ತೇವೆ. ಹಿಂಸೆಯಾದರೋ ಕೃತ, ಕಾರಿತ, ಅನುಮತವೆಂದು ಮೂರು ವಿಧ. ವೈದ್ಯನು ಮಾಡಿದನು, ಮನೆಯ ಹಿರಿಯರು ಮಾಡಿಸಿದರು. ಎಲ್ಲವನ್ನೂ ತಿಳಿದು ಅದೇ ಹಿರಿಯರ ಕೈಯಿಂದ ಕಲಶಾಭಿಷೇಕದ ಸವಾಲಿನ ಹಣವನ್ನು ಸ್ವೀಕರಿಸಿದ ಟ್ರಸ್ಟು ಮೂರನೆಯದರಿಂದ ಹೇಗೆ ಪಾರಾದೀತು?

ಆದ್ದರಿಂದ ಬಸದಿ, ಮಂದಿರಗಳ ಟ್ರಸ್ಟುಗಳನ್ನು ನೇರವಾಗಿ ಕೇಳುತ್ತಿದ್ದೇನೆ. ಚಂದಾ ವಸೂಲಿಗೆ ಪ್ರತಿ ಮನೆಯ ಹೆಸರು ಬರೆದಿಟ್ಟುಕೊಂಡಿದ್ದೀರಿ. ಅದೇ ಪುಸ್ತಕದಲ್ಲಿ ಆರು ವರ್ಷದೊಳಗಿನ ಹೆಣ್ಣೆಷ್ಟು, ಗಂಡೆಷ್ಟು ಎಂದು ಎರಡು ಕಾಲಮು ಹೆಚ್ಚಿಗೆ ಎಳೆಯಿರಿ. ಹೆಸರುಗಳು ಬೇಡ, ಊರವಾರು ಮೊತ್ತ ಸಾಕು. ಆ ಮೊತ್ತವನ್ನು ವಾರ್ಷಿಕ ವರದಿಯಲ್ಲಿ, ಆಯವ್ಯಯದ ಪಕ್ಕದಲ್ಲಿ ಮುದ್ರಿಸಿರಿ. ವಿದ್ಯಾರ್ಥಿವೇತನವನ್ನು ಎಸ್‌.ಎಸ್‌.ಎಲ್‌.ಸಿ. ಅಂಕಪಟ್ಟಿ ಕಂಡಮೇಲೆ ಕೊಡುವುದರ ಬದಲು ಮೂರನೆಯ ವರ್ಷದಿಂದಲೇ, ಹೆಣ್ಣುಮಗುವಿನ ಶಿಶುವಿಹಾರದ ಶುಲ್ಕದಿಂದಲೇ ಆರಂಭಿಸಿರಿ. ಒಂದು ಪಂಚಕಲ್ಯಾಣದ ಶಾಮಿಯಾನದ ಬಾಡಿಗೆಯಲ್ಲಿ ಹತ್ತಾರು ಮಕ್ಕಳ ವರ್ಷದ ಶುಲ್ಕ ತೀರುತ್ತದೆ. ಈ ಲೆಕ್ಕವನ್ನು ಬರೆಯುವ ಸಮಿತಿಯಲ್ಲಿ ಅರ್ಧದಷ್ಟಾದರೂ ಶ್ರಾವಿಕೆಯರಿರಲಿ. ಯಾವ ಮನೆಯಲ್ಲಿ ಏನು ನಡೆಯಿತೆಂಬುದು ಗಂಡಸರಿಗಿಂತ ಮೊದಲು ತಿಳಿಯುವುದು ಅವರಿಗೆ. ಮುಂದಿನ ಮಹಾವೀರ ಜಯಂತಿಯ ವೇದಿಕೆಯಲ್ಲಿ ಬ್ರಾಹ್ಮಿ-ಸುಂದರಿಯರ ಹೆಸರೆತ್ತುವ ಭಾಷಣಕಾರರು ತಮ್ಮ ಊರಿನ ಆ ಎರಡು ಕಾಲಮುಗಳನ್ನು ಮೊದಲು ಓದಿ ಹೇಳಲಿ.